ದಂಡಿನ ಜವರಪ್ಪನ ಬೆನ್ನು ಹತ್ತಿದ ಜಯಲಕ್ಷ್ಮಮ್ಮ

ಜಯಲಕ್ಷ್ಮಮ್ಮ ಅರಕಲಗೂಡು ಪಕ್ಕದ ಹಳ್ಳಿಯಲ್ಲಿ ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವರು. ಪುಟ್ಟ ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದರು. ದೊಡ್ಡವರ ಸುಳ್ಳು ಅದಕ್ಕಿಂತ ಸುಲಭ ಎಂದು ಗೊತ್ತಾದದ್ದು ನಿವೃತ್ತಿಯಾದ ಮೇಲೆ.

ಮದುವೆಯಾಗಿ ಬಂದ ದಿನದಿಂದ ಅವರು ಒಂದು ಕಥೆ ಕೇಳುತ್ತಲೇ ಇದ್ದರು. ಹೇಳುತ್ತಿದ್ದವರು ಗಂಡನ ಅಣ್ಣ ರಂಗಸ್ವಾಮಿ. ಹೊಗೆಸೊಪ್ಪಿನ ಹರಾಜಿಗೆ ರಾಮನಾಥಪುರಕ್ಕೆ ಹೋದರೆ ಅಲ್ಲಿ ಪಕ್ಕದಲ್ಲಿ ನಿಂತವನಿಗೂ ಬಿಡುತ್ತಿರಲಿಲ್ಲ.

"ನಮ್ ಮೂಲಪುರುಸ ದಂಡಿನ್ ಜವರಪ್ಪ. ರಾಜ್ರ ದಂಡ್ನಾಗೆ ಸರದಾರ. ಕುದ್ರೆ ಮ್ಯಾಲೆ ಕೂತ್ಕಂಡು, ಕೈಯಾಗೆ ಕಠಾರಿ ಇಡ್ಕಂಡು ಈ ಊರ್ಗೆ ಬಂದ ಕಣಯ್ಯಾ!"

ಆ ಕಠಾರಿ ಮನೆಯಲ್ಲಿ ಈಗಲೂ ಇದೆ. ಗೇಣುದ್ದ. ಆಯುಧಪೂಜೆಯಲ್ಲಿ ಟ್ರ್ಯಾಕ್ಟರಿಗಿಂತ ಮುಂಚೆ ಅದಕ್ಕೇ ಕುಂಕುಮ. ಒಮ್ಮೆ ಜಯಲಕ್ಷ್ಮಮ್ಮ ಅದರಲ್ಲಿ ನಿಂಬೆಹಣ್ಣು ಕುಯ್ಯಲು ಹೋಗಿ ಸೋತಿದ್ದರು. ಸರದಾರ ಇದರಿಂದ ಯಾರನ್ನು ಕೊಂದಿರಬಹುದು ಎಂಬ ಅನುಮಾನ ಅವತ್ತೇ ಹುಟ್ಟಿತು. ಬಾಯಿಬಿಟ್ಟು ಕೇಳಲು ಮಾತ್ರ ನಲವತ್ತು ವರ್ಷ ಹಿಡಿಯಿತು.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಹೆಳವ ಚಲುವಯ್ಯ ಬಂದ. ಮನೆತನಗಳ ಏಳೆಂಟು ತಲೆಮಾರಿನ ಹೆಸರುಗಳನ್ನು ಬಾಯಲ್ಲಿಟ್ಟುಕೊಂಡು ಊರೂರು ತಿರುಗಿ ಹಾಡುವವನು. ಅವನ ತಾತ ಎತ್ತಿನ ಮೇಲೆ ಬರುತ್ತಿದ್ದ, ಇವನು ಮೊಪೆಡ್ಡಿನಲ್ಲಿ. ರಂಗಸ್ವಾಮಿ ತೋಟಕ್ಕೆ ಹೋಗಿದ್ದ ಹೊತ್ತು ನೋಡಿ ಜಯಲಕ್ಷ್ಮಮ್ಮ ಮೊರದ ತುಂಬ ರಾಗಿ ತಂದು ಅವನ ಮುಂದಿಟ್ಟರು.

"ಜವರಪ್ಪ ಯಾವ್ ರಾಜ್ರ ದಂಡ್ನಾಗಿದ್ದ ಚಲುವಯ್ಯ?"

ಚಲುವಯ್ಯ ಬಾಗಿಲ ಕಡೆ ನೋಡಿದ. "ದೊಡ್ಡಗೌಡ್ರು ಇದ್ದಿದ್ರೆ ಒಂದ್ ತರ ಏಳ್ತಿದ್ದೆ ಕಣವ್ವ."

"ಅವ್ರಿಲ್ಲ. ಇನ್ನೊಂದ್ ತರ ಏಳು."

"ದಂಡೂ ಇಲ್ಲ ಗಿಂಡೂ ಇಲ್ಲ. ಆವಯ್ಯ ದಂಡಿಗನಳ್ಳಿಯಿಂದ ಬಂದೋನು. ದಂಡಿಗನಳ್ಳಿ ಜವರಪ್ಪ ಅನ್ನಾದು ಬಾಯಿಂದ ಬಾಯಿಗೆ ಬಿದ್ದು ದಂಡಿನ್ ಜವರಪ್ಪ ಆಗೋಯ್ತು. ಯಾಕ್ ಬಂದ ಅಂತ ಮಾತ್ರ ನನ್ ಕೇಳ್ಬೇಡಿ. ಅಲ್ಲಿ ಮಾಯಮ್ಮ ಅಂತ ಒಂದ್ ಮುದ್ಕಿ ಅದೆ, ಅದುನ್ ಕೇಳಿ."

ಮರುದಿನವೇ ಜಯಲಕ್ಷ್ಮಮ್ಮ, ಮಂಡಿನೋವಿಗೆ ನಾಟಿ ಔಷಧಿ ತರುತ್ತೇನೆಂದು ಹೇಳಿ, ಆಧಾರ್ ಕಾರ್ಡು ಹಿಡಿದು ಬಸ್ಸು ಹತ್ತಿದರು. ಹೊಳೆನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು, ಆಮೇಲೆ ಆಟೊ. ಮಾಯಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎಂಬತ್ತು ದಾಟಿದ ಹೆಂಗಸು. ಬಂದವರು ಯಾವ ಮನೆಯವರೆಂದು ತಿಳಿದದ್ದೇ ತಡ, ಒಳಕ್ಕೆ ಕೂಗಿದರು.

"ಬರ್ರಲಾ, ಓಡೋದ್ ಗಂಡಿನ್ ಕಡೆಯೋರು ಬಂದವ್ರೆ!"

ಮಕ್ಕಳು ಮೊಮ್ಮಕ್ಕಳೆಲ್ಲ ಓಡಿಬಂದು ಜಯಲಕ್ಷ್ಮಮ್ಮನನ್ನು ಸುತ್ತುವರಿದರು. ಆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಕಥೆ. ಮಾಯಮ್ಮನ ವಂಶದ ಹಿರಿಯಜ್ಜಿ ಮಾರಕ್ಕನನ್ನು ಜವರಪ್ಪನಿಗೆ ಗೊತ್ತು ಮಾಡಿದ್ದರಂತೆ. ಧಾರೆಯ ದಿನ ಬೆಳಗ್ಗೆ ಮದುಮಗನಿಗೆ ಬಾಸಿಂಗ ಕಟ್ಟಿ, ಶಾಸ್ತ್ರಕ್ಕೆ ಕೈಗೆ ಕಠಾರಿ ಕೊಟ್ಟು, ಕುದುರೆ ಹತ್ತಿಸಿದರಂತೆ. ಕುದುರೆ ಚಪ್ಪರದ ಮುಂದೆ ನಿಲ್ಲಲೇ ಇಲ್ಲ. ಊರಿಗೆ ಊರೇ ಹೊಳೆಯವರೆಗೆ ಅಟ್ಟಿಸಿಕೊಂಡು ಹೋಯಿತಂತೆ.

"ಅಂಜುಬುರುಕ ಅಂತ ಎಲ್ಲಾ ನಗ್ತಾರೆ," ಎಂದು ಮಾಯಮ್ಮ ದನಿ ತಗ್ಗಿಸಿದರು. "ಓಡ್ಸಿದ್ದೇ ನಮ್ ಮಾರಕ್ಕ ಕಣವ್ವ. ಅವ್ಳಿಗೆ ಅತ್ತೆ ಮಗನ್ ಮ್ಯಾಲೆ ಮನಸು. 'ನೀನೇನಾರಾ ತಾಳಿ ಕಟ್ದೋ, ಸಾಯೋಗಂಟ ದಿನಾ ನಿನ್ ಮುದ್ದೇಲಿ ಕಲ್ ಇಕ್ತೀನಿ' ಅಂತ ಏಳ್ ಕಳ್ಸಿದ್ಳಂತೆ. ಪಾಪ, ಓಡ್ದೆ ಏನ್ ಮಾಡಾನು? ಅಡ್ಗೆ ಆಗಿತ್ತಲ್ಲ, ಅದೇ ಮೂರ್ತಕ್ಕೆ ಅತ್ತೆ ಮಗನ್ನೇ ಕೂರ್ಸುದ್ರು. ಅದಿರ್ಲಿ, ಆ ಕುದ್ರೆ ನಮ್ದು."

"ಕಠಾರಿ ಅದೆ ಅಮ್ಮ, ಬೇಕಾರೆ ತಂದ್ಕೊಡ್ತೀನಿ. ಕುದ್ರೆ ಸತ್ತೋಯ್ತು," ಎಂದರು ಜಯಲಕ್ಷ್ಮಮ್ಮ. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ಶುಂಠಿ ಹೊಲಗಳು ಓಡುತ್ತಿದ್ದವು. ಜಯಲಕ್ಷ್ಮಮ್ಮನ ನಗು ನಿಧಾನವಾಗಿ ಇಳಿಯಿತು. ತನ್ನ ಮದುವೆಯಲ್ಲಿ ತನ್ನ ಮನಸ್ಸೇನೆಂದು ಯಾರೂ ಕೇಳಿರಲಿಲ್ಲ. ಹೇಳಬಹುದೆಂಬ ಯೋಚನೆಯೂ ತನಗೆ ಬಂದಿರಲಿಲ್ಲ. ಆರೇಳು ತಲೆಮಾರಿನ ಹಿಂದೆ ಒಬ್ಬಳು ಹೇಳಿದ್ದಳು, ಅದೂ ಮುದ್ದೆ-ಕಲ್ಲಿನ ಭಾಷೆಯಲ್ಲಿ. ಅಷ್ಟು ಜಂಬದ ಮನೆತನ ಹುಟ್ಟಿದ್ದು ಅವಳ ಒಂದು ಮಾತಿನಿಂದ. ಅವಳನ್ನು ಒಮ್ಮೆ ನೋಡಬೇಕಿತ್ತು ಅನ್ನಿಸಿತು.

ಮನೆಗೆ ಬಂದರೆ, ಜಗಲಿಯಲ್ಲೇ ಕೂತಿದ್ದ ರಂಗಸ್ವಾಮಿ ಕೇಳಿದರು. "ಮಂಡಿ ಎಂಗದೆ ಜಯಮ್ಮ?"

"ಮಂಡಿ ಚೆಂದಾಗದೆ ಬಾವ. ಜವರಪ್ಪಂದೇ ಒಂದೀಟು ಉಳುಕಿರೋದು," ಎಂದು ಅವರು ಎಲ್ಲವನ್ನೂ ಹೇಳಿಬಿಟ್ಟರು.

ರಂಗಸ್ವಾಮಿ "ಸುಳ್ಳು!" ಎಂದು ಎದ್ದವರು ಹದಿನೈದು ದಿನ ತಮ್ಮನ ಹೆಂಡತಿಯ ಜೊತೆ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಮುದ್ದೆಯನ್ನು ಮುರಿದು ಒಳಗೆ ನೋಡುತ್ತಿದ್ದರು. ಹದಿನಾರನೆಯ ದಿನ ಮಾಯಮ್ಮನೇ ಮೊಮ್ಮಕ್ಕಳೊಂದಿಗೆ ವ್ಯಾನು ಮಾಡಿಕೊಂಡು ಬಂದು ಬಾಗಿಲಲ್ಲಿ ಇಳಿದರು. ರಂಗಸ್ವಾಮಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ ನಿಟ್ಟುಸಿರು ಬಿಟ್ಟರು.

"ಇಂತಾ ಎತ್ತರದ್ ಆಳು ಅಂತ ಗೊತ್ತಿದ್ರೆ ಮಾರಕ್ಕ ಓಡುಸ್ತಾ ಇರ್ಲಿಲ್ಲ ಕಣಪ್ಪಾ."

ಅಷ್ಟು ಸಾಕಾಯಿತು. ರಂಗಸ್ವಾಮಿ ಸ್ವತಃ ಹೋಗಿ ಎಳನೀರು ಕೆತ್ತಿ ತಂದರು. ಈಗ ಹರಾಜುಕಟ್ಟೆಯಲ್ಲಿ ಓಡಿಹೋದ ಮದುಮಗನ ಕಥೆಯನ್ನು ಅವರೇ ಹೇಳುತ್ತಾರೆ. ಅವರು ಹೇಳಿದಂತೆಲ್ಲ ಕುದುರೆಯ ವೇಗ ಹೆಚ್ಚುತ್ತಿದೆ.

ಊರಿನಲ್ಲಿ ಮಾತ್ರ ಜಯಲಕ್ಷ್ಮಮ್ಮನನ್ನು ಕಂಡರೆ ಜನಕ್ಕೆ ಸಣ್ಣ ಭಯ ಶುರುವಾಗಿದೆ. ಮೊನ್ನೆ ಪಕ್ಕದ ಮನೆಯ ಸುಬ್ಬಮ್ಮ ಹಾಲು ಕೊಡಲು ಬಂದು ಕೈ ಮುಗಿದಳು.

"ಜಯಕ್ಕ, ನಿಮ್ ದಮ್ಮಯ್ಯ. ನಮ್ಮಜ್ಜಿ ತೌರೂರ್ ಕಡಿಕ್ ಮಾತ್ರ ಓಗ್ಬೇಡಿ."

ಜಯಲಕ್ಷ್ಮಮ್ಮ ಹಾಲಿನ ಚೊಂಬು ಕೆಳಗಿಟ್ಟು, ಅವಳಿಗೆ ಕೂರಲು ಮಣೆ ಹಾಕಿದರು. "ಇಲ್ಲ ಬುಡವ್ವ, ನಾನ್ಯಾಕ್ ಓಗ್ಲಿ. ಅಂದಂಗೆ, ಯಾವೂರು ಅಂದೆ?"