ಮೂರು ಸಾಲಾಗಿ ನಿಂತ ಕುರಿಗಳು

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುವವನು. ಅಂಥ ಮಾತಾಡುವವರನ್ನು ಕಂಡರೆ ನನಗೆ ತಾತ್ಸಾರ, ಇವತ್ತಿಗೂ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ನಾನು ಸೈನ್ಯದಲ್ಲಿ ಗುಮಾಸ್ತನಾಗಿದ್ದು, ಹವಾಲ್ದಾರನಾಗಿ ನಿವೃತ್ತನಾಗಿ ಶಿಕಾರಿಪುರದಲ್ಲಿ ನೆಲೆಸಿದವನು. ಇಲ್ಲಿನ ಮಾಜಿ ಸೈನಿಕರ ಒಂದು ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ, ಏಕೆಂದರೆ ಅರ್ಜಿ ಬರೆಯಲು ಬರುವವನು ನಾನೊಬ್ಬನೇ. ಉಳಿದವರಿಗೆ ಬರುವುದು ಮೆರವಣಿಗೆ. ಯಾರಾದರೂ ನಿವೃತ್ತರಾಗಿ ಊರಿಗೆ ಬಂದರೆ ತೆರೆದ ಜೀಪು, ಡಿಜೆ, ಆಳೆತ್ತರದ ಫ್ಲೆಕ್ಸು. ಆ ಫ್ಲೆಕ್ಸಿನಲ್ಲಿ ಯೋಧನ ಮುಖಕ್ಕಿಂತ ಜೀಪು ಕೊಡಿಸಿದವನ ಮುಖವೇ ದೊಡ್ಡದು.

ಈ ದೇಶಭಕ್ತಿಯ ಲೆಕ್ಕ ಬಹಳ ಸುಲಭ. ಅವಧಿ ಮುಗಿಸಿ ಬಂದವನು ವೀರ, ನಡುವೆ ಬಂದವನು ಕಳ್ಳ. ನಡುವೆ ಬರುವುದಕ್ಕೂ ಎರಡು ದಾರಿಗಳಿವೆ ಎಂಬುದು ಯಾರಿಗೂ ಬೇಕಿಲ್ಲ. ಕಾಯಿಲೆ ಬಿದ್ದವನನ್ನು ವೈದ್ಯರ ಮಂಡಳಿ ಪರೀಕ್ಷಿಸಿ ಮನೆಗೆ ಕಳಿಸುತ್ತದೆ. ಅವನಿಗೆ ಪಿಂಚಣಿ ಉಂಟು, ಮಿಲಿಟರಿ ಆಸ್ಪತ್ರೆಯ ಚಿಕಿತ್ಸೆ ಉಂಟು. ಇನ್ನೊಂದು ಆಡಳಿತದ ದಾರಿ. ಇವನು ನಮಗೆ ಬೇಡ ಎಂದು ಬರೆದು ಕಳಿಸುವುದು. ಅವನಿಗೆ ಸಿಗುವುದು ಊರಿಗೆ ಹೋಗಲು ರೈಲಿನ ಟಿಕೆಟ್ಟು, ಅಷ್ಟೆ.

ಸೊರಬ ತಾಲ್ಲೂಕಿನ ಹೊಸಬಾಳೆಯ ಚೌಡಪ್ಪ ಈ ಎರಡನೆಯ ದಾರಿಯಲ್ಲಿ ಬಂದವನು. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಅವನಿಗೆ ಮೂರ್ಛೆ ಬರುತ್ತಿತ್ತು. ಸುಧಾರಿಸಿಕೊಂಡು ತಡವಾಗಿ ಹೋದರೆ ಅಲ್ಲಿ ಶಿಕ್ಷೆ, ದಾಖಲೆಯಲ್ಲಿ ಕೆಂಪು ಶಾಯಿ. ಪಡೆಯವರು ಆಸ್ಪತ್ರೆಯಲ್ಲಿಟ್ಟು ನೋಡಿದರು. ಅಲ್ಲಿ ಒಂದು ಸಲವೂ ಮೂರ್ಛೆ ಬರಲಿಲ್ಲ. ಡಾಕ್ಟರು ಗಟ್ಟಿಮುಟ್ಟಾಗಿದ್ದಾನೆ ಎಂದರು, ಅಧಿಕಾರಿಗಳು ಶಿಸ್ತುಗೇಡಿ ಎಂದರು, ಊರಿನವರು ಓಡಿಬಂದವ ಎಂದರು. ಗಂಡಹೆಂಡತಿ ಕುರಿ ಕಟ್ಟಿಕೊಂಡು ಬದುಕು ಮಾಡಿದರು.

ಅವನ ಹೆಂಡತಿ ರೇಣುಕವ್ವ ನನ್ನ ಮನೆ ಹುಡುಕಿಕೊಂಡು ಬಂದಳು. ಸೊರಬದ ಮಾಜಿ ಸೈನಿಕರು, ತಮ್ಮ ಹೆಸರು ಕೆಡುತ್ತದೆ ಎಂದು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರಂತೆ. ಅವಳು ಕೇಳಿದ್ದು ಒಂದೇ, ಗಂಡನನ್ನು ಮತ್ತೊಮ್ಮೆ ವೈದ್ಯರ ಮಂಡಳಿಯ ಮುಂದೆ ನಿಲ್ಲಿಸಬೇಕು, ಸರಿಯಾದ ಔಷಧಿ ಸಿಗಬೇಕು.

"ಹೋದ ಸಲ ಕೆರೆ ಅಂಚಿಗೆ ಮುಖ ಅಡಿಯಾಗಿ ಬಿದ್ದಿದ್ರು ಸಾರ್. ನಾನು ಹತ್ರ ಇದ್ದೆ, ಎಳ್ಕೊಂಡೆ. ಇಲ್ದಿದ್ರೆ ಏನು ಗತಿ ಹೇಳ್ರಿ?"

ಬಂದು ನೋಡುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ನಾನು ಹೊರಟದ್ದು ಅವನ ನಾಟಕ ಬಯಲಿಗೆಳೆಯಲು. ಬೆನ್ನುನೋವು, ಕಿವುಡು, ಹುಚ್ಚು, ಎಲ್ಲ ಬಗೆಯ ನಾಟಕಗಳನ್ನೂ ನೋಡಿದ ಕಣ್ಣು ನನ್ನದು. ನಮ್ಮ ಪಡೆಯ ಆಸ್ಪತ್ರೆಯಲ್ಲಿ ಇದಕ್ಕೊಂದು ಮದ್ದಿತ್ತು. ಮೂರ್ಛೆ ಹೋದಂತೆ ಬಿದ್ದವನ ಕಿವಿಯ ಹತ್ತಿರ "ಸಾವಧಾನ್!" ಎಂದು, ಅಂದರೆ ನೆಟ್ಟಗೆ ನಿಲ್ಲು ಎಂಬ ಆಜ್ಞೆಯನ್ನು, ಗುಡುಗುವುದು. ವರ್ಷಗಟ್ಟಲೆ ಕವಾಯತು ಮಾಡಿದ ಮೈ ಅದು. ನಾಟಕದವನಾದರೆ ಕಾಲಾದರೂ ಮಿಸುಕಿಯೇ ಮಿಸುಕುತ್ತಿತ್ತು.

ಆನವಟ್ಟಿಯಲ್ಲಿ ಚಹಾ ಕುಡಿದು ಬೈಕಿನಲ್ಲಿ ಹೊಸಬಾಳೆ ಸೇರಿದಾಗ ಬಿಸಿಲು ಇಳಿಯತೊಡಗಿತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಕುರಿಗಳು ಚೆಲ್ಲಾಪಿಲ್ಲಿಯಾಗಿ ಮೇಯುತ್ತಿದ್ದವು. ಚೌಡಪ್ಪ ನನ್ನನ್ನು ಕಂಡು ಕೋಲು ಬಿಟ್ಟು ನೆಟ್ಟಗೆ ನಿಂತ. ನಾನು ಬದುವಿನ ಮೇಲೆ ಕೂತು ಪೊಲೀಸನ ಹಾಗೆ ಪ್ರಶ್ನೆ ಕೇಳತೊಡಗಿದೆ. ಅವನು ಅಡ್ಡಮಾತಿಲ್ಲದೆ ಉತ್ತರಿಸುತ್ತಿದ್ದ.

ನಡುವೆ ಅವನ ಹಿಂದೆ ಏನೋ ನಡೆಯುತ್ತಿರುವುದು ಕಾಣಿಸಿತು. ಕುರಿಗಳು ಮೇಯುವುದನ್ನು ಬಿಟ್ಟಿದ್ದವು. ಬದುವಿನಾಚೆ ಇದ್ದವೂ ಈಚೆಗೆ ಬಂದವು. ಒಂದೂ ಅರಚಲಿಲ್ಲ. ಚೌಡಪ್ಪನ ಕಡೆ ಮುಖ ಮಾಡಿ ಸಾಲಾಗಿ ನಿಂತವು. ಒಂದು ಸಾಲು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕುರಿಗಳು ಗುಂಪುಗೂಡುವುದನ್ನು ನೀವೂ ನೋಡಿರುತ್ತೀರಿ. ಅವು ಒಂದರ ಮೈಗೆ ಒಂದು ಒತ್ತಿಕೊಂಡು ನಿಲ್ಲುತ್ತವೆ. ಇವುಗಳ ನಡುವೆ ಅಳೆದಿಟ್ಟಂತೆ ತೆರಪಿತ್ತು.

ಅಷ್ಟಾದರೂ ಕಾಕತಾಳೀಯ ಎಂದುಕೊಳ್ಳುತ್ತಿದ್ದೆನೋ ಏನೋ. ಆದರೆ ನಡುವಿನ ಸಾಲಿನಲ್ಲಿ, ಅವುಗಳ ಎಡಗಡೆಯಿಂದ ಎರಡನೆಯ ಜಾಗ ಖಾಲಿಯಿತ್ತು. ಕವಾಯತು ಮಾಡದವರಿಗೆ ಇದು ಅರ್ಥವಾಗುವುದಿಲ್ಲ, ಹೇಳುತ್ತೇನೆ. ಮೂರು ಸಾಲಿಗೆ ಒಬ್ಬ ಕಡಿಮೆಯಾದರೆ ನಾವು ಆ ಒಂದು ಜಾಗವನ್ನೇ ಖಾಲಿ ಬಿಡುತ್ತೇವೆ, ಬೇರೆಲ್ಲೂ ಬಿಡುವುದಿಲ್ಲ. ಹೊಸದಾಗಿ ಸೇರಿದವರು ತಿಂಗಳುಗಟ್ಟಲೆ ಬೈಸಿಕೊಂಡು ಕಲಿಯುವ ಪಾಠ ಅದು.

"ಚೌಡಪ್ಪ, ಹಿಂದೆ ನೋಡು" ಎಂದೆ. ಅವನು ಬಿದ್ದ.

ನೋಡಿಕೊಂಡು, ಕೈಯೂರಿ ಬಿದ್ದದ್ದಲ್ಲ. ಕೊಯ್ದ ಕೂಳೆಯ ಮೇಲೆ ಮುಖ ಬಡಿದು ಬಿದ್ದ. ತುಟಿ ಒಡೆದು ರಕ್ತ ಬಂತು. ಕೈಕಾಲು ಸೆಟೆದು ಅದುರತೊಡಗಿದವು. ನಾನು ಮಗ್ಗುಲಿಗೆ ಹೊರಳಿಸಿದೆ. ಹಾಳು ಬುದ್ಧಿ, ಆಗಲೂ ಪರೀಕ್ಷೆ ಬಿಡಲಿಲ್ಲ. ಅವನ ಕಿವಿಯ ಬಳಿ ಬಗ್ಗಿ ಎದೆಯ ಉಸಿರನ್ನೆಲ್ಲ ಸೇರಿಸಿ "ಸಾವಧಾನ್!" ಎಂದು ಕೂಗಿದೆ.

ಅವನಿಗೆ ಕೇಳಿಸಲೇ ಇಲ್ಲ. ಕುರಿಗಳು ಒಟ್ಟಿಗೆ ತಲೆ ಎತ್ತಿದವು.

ನನಗೆ ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ರೇಣುಕವ್ವ ದೂರದ ಬದುವಿನಿಂದ ಸೀರೆ ಎತ್ತಿ ಕಟ್ಟಿಕೊಂಡು ಓಡಿ ಬಂದಳು. ಕುರಿಗಳ ಕಡೆ ತಿರುಗಿಯೂ ನೋಡದೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನ ಮೈ ಸಡಿಲವಾಗಿ ಕಣ್ಣು ಬಿಟ್ಟಾಗ ಸಾಲು ಕದಡಿತು. ಅವು ಮತ್ತೆ ಬರಿಯ ಕುರಿಗಳಾಗಿ ಮೇಯತೊಡಗಿದವು.

ನಾನು ಕೈ ತೋರಿಸಿ ಏನೇನೋ ತೊದಲಿದೆ. ಅವಳಿಗೆ ಆಶ್ಚರ್ಯವೇ ಇಲ್ಲ. "ಹೂಂ ಸಾರ್, ಬೀಳೋಕೆ ಮುಂಚೆ ಹಂಗೇ ನಿಂತ್ಕೊಂಬಿಡ್ತವೆ. ಅದನ್ನ ನೋಡೇ ನಾನು ಓಡಿ ಬರೋದು" ಎಂದಳು. ಚೌಡಪ್ಪನನ್ನು ಕೇಳಿದರೆ ನಾಚಿಕೊಂಡ. ತಾನು ಒಂದು ಸಲವೂ ನೋಡಿಲ್ಲ, ಹೆಂಡತಿ ಸುಮ್ಮನೆ ಹೇಳುತ್ತಾಳೆ ಎಂದುಕೊಂಡಿದ್ದೆ ಎಂದ.

ಅವನೇ ಕಲಿಸಿರಬೇಕು ಎಂದು ನೀವು ಹೇಳುತ್ತೀರಿ. ನಾನೂ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ. ಒಂದು ಕುರಿಯನ್ನು ಹಳ್ಳ ದಾಟಿಸಿ ನೋಡಿ, ಆಮೇಲೆ ಮಾತಾಡೋಣ. ಮೂರ್ಛೆಯ ವಾಸನೆ ಪ್ರಾಣಿಗಳಿಗೆ ಮೊದಲೇ ತಿಳಿಯುತ್ತದೆ ಎಂದು ಓದಿದವರೊಬ್ಬರು ಹೇಳಿದರು. ಇರಬಹುದು. ಖಾಲಿ ಜಾಗ ಎಲ್ಲಿ ಬಿಡಬೇಕೆಂದು ಯಾವ ವಾಸನೆ ಹೇಳಿಕೊಟ್ಟಿತು? ಆಮೇಲೆ ಎರಡು ಸಲ ಹೋಗಿ ಅದೇ ಗದ್ದೆಯಲ್ಲಿ ಗಂಟಲು ಹರಿಯುವಂತೆ ಕೂಗಿದೆ. ಕುರಿಗಳು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿ ಮೇಯುತ್ತಲೇ ಇದ್ದವು.

ಅರ್ಜಿ ಬರೆದೆ. ಬಿದ್ದದ್ದು, ಸೆಟೆದದ್ದು, ರಕ್ತ ಬಂದದ್ದು, ಎಲ್ಲ ಕಂಡಂತೆ ಬರೆದೆ. ಕುರಿಗಳ ವಿಷಯ ಬಿಟ್ಟೆ. ಸೈನ್ಯದ ಕಚೇರಿಯವರು ನಮ್ಮನ್ನು ವಿಚಾರಣೆಗೆ ಕರೆದರು. ಇಸ್ತ್ರಿ ಮುರಿಯದ ಬಟ್ಟೆಯ ಅಧಿಕಾರಿಯೊಬ್ಬ, ಚೌಡಪ್ಪನ ಒಡೆದ ತುಟಿಯ ಗುರುತನ್ನೂ ನೋಡದೆ, ಸೇವೆಯಲ್ಲಿದ್ದಾಗ ಇವನಿಗೆ ಕಾಯಿಲೆ ಇತ್ತೆಂದು ಯಾರಿಗೆ ಗೊತ್ತಿತ್ತು ಎಂದು ಕೇಳಿದ. ನಾವು ಉತ್ತರಿಸುವ ಮೊದಲೇ ಅವನ ಕಣ್ಣು ಗಡಿಯಾರದ ಕಡೆ ಹೋಗಿತ್ತು. ಆಡಳಿತದ ದಾರಿಯಲ್ಲಿ ಬಂದವನು ಆಡಳಿತದ ದಾರಿಯಲ್ಲೇ ಇರಲಿ ಎಂದು ತೀರ್ಮಾನವಾಯಿತು. ಮೇಲ್ಮನವಿ ಹಾಕಿದ್ದೇನೆ. ಅದು ಯಾವ ಮೇಜಿನ ಮೇಲೆ ನಿದ್ದೆ ಮಾಡುತ್ತಿದೆಯೋ ನಾನರಿಯೆ.

ಆ ದಿನ ವಿಚಾರಣೆ ಮುಗಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ರೇಣುಕವ್ವ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ಕೇಳಿದಳು:

"ಕುರಿಗಳಿಗೆ ತಿಳಿಯೋದು ಇವ್ರಿಗ್ಯಾಕೆ ತಿಳಿಯಲ್ರೀ ಸಾರ್?"

ಕುರಿಗಳಿಗೆ ಹೇಗೆ ತಿಳಿಯುತ್ತದೆ ಎಂಬುದೇ ನನಗೆ ಇನ್ನೂ ಗೊತ್ತಿಲ್ಲ.