ಹಜೀರಾ ಪ್ರಾಜೆಕ್ಟಿನ ಅಕ್ಕ

ಅಕ್ಕ ಕುರ್ಚಿಯಿಂದ ಏಳುತ್ತಲೇ ಇರಲಿಲ್ಲ. ಚಪ್ಪಲಿ ಮೇಜಿನಡಿ ಬಿಟ್ಟು, ಬರಿಗಾಲಿನಿಂದ ನೆಲ ತಳ್ಳುತ್ತ, ಕುರ್ಚಿಯ ಗಾಲಿಗಳ ಮೇಲೆ ಜಾರಿ ನನ್ನ ಮೇಜಿಗೆ ಬಂದು ಅಂಗೈ ಚಾಚುತ್ತಿದ್ದರು. "ಪೆನ್ನ ಕೊಡು." ಸ್ವಲ್ಪ ಹೊತ್ತಿಗೆ, "ನಿನ್ನ ಡಬ್ಬ್ಯಾಗ ಚಿತ್ರಾನ್ನ ಐತೇನು?" ಎರಡು ಸಾವಿರದ ಹತ್ತನೇ ಇಸವಿ ದಾಟಿದ ಹೊಸತು. ಅಹಮದಾಬಾದಿನ ಆ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಕನ್ನಡದವರು ನಾವಿಬ್ಬರೇ. ಅವರು ಧಾರವಾಡದವರು, ನಾನು ಮೈಸೂರಿನವಳು. ಕೆಲಸಕ್ಕೆ ಮೊದಲು ಸೇರಿದ್ದು ನಾನು. ಇದನ್ನು ಇವತ್ತಿಗೂ ಮರೆಯದೆ ಹೇಳುತ್ತೇನೆ.

ನನಗೆ ಯಾರನ್ನೂ ಏನೂ ಕೇಳಿ ಅಭ್ಯಾಸವಿಲ್ಲ. ನನ್ನ ಕೋಡೂ ಹಾಗೇ ಇತ್ತು. ಬ್ರೌಸರಿನಿಂದ ಬಂದ ಕೋರಿಕೆಗೆ ಉತ್ತರ ಕೊಡುವ ಕ್ಲಾಸಿಗೆ, ಅಂದರೆ ಕೋಡಿನ ಘಟಕಕ್ಕೆ, ಕಂಟ್ರೋಲರ್ ಅನ್ನುತ್ತೇವೆ. ನನ್ನ ಪ್ರತಿ ಕಂಟ್ರೋಲರೂ ಡೇಟಾಬೇಸ್ ಸಂಪರ್ಕವನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ಅಕ್ಕನ ಕಂಟ್ರೋಲರುಗಳು ಹುಟ್ಟುವಾಗಲೇ ನನಗಿದು ಬೇಕು ಎಂದು ಕೇಳುತ್ತಿದ್ದವು, ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ತಂದುಕೊಡುತ್ತಿತ್ತು. ಲಾಗಿನ್ ಆದವರಿಗೆ ಮಾತ್ರ ಎಂಬ ಗುರುತನ್ನು ತಾಯಿ ಕ್ಲಾಸಿಗೆ ಒಮ್ಮೆ ಹಚ್ಚಿಟ್ಟಿದ್ದರು, ಮಕ್ಕಳ ಕ್ಲಾಸುಗಳಿಗೆಲ್ಲ ಅದು ತಾನಾಗಿ ಬರುತ್ತಿತ್ತು. ನಾನು ಪ್ರತಿಯೊಂದಕ್ಕೂ ಕೈಯಾರೆ ಬರೆದಿದ್ದೆ. ಅವರದು ಬರೀ ಸೋಮಾರಿತನ ಎಂದುಕೊಂಡೆ.

ಸೂರತ್ ಹತ್ತಿರದ ಹಜೀರಾದ ಕಾರ್ಖಾನೆಯೊಂದರ ಗೇಟ್‌ಪಾಸ್ ಪ್ರಾಜೆಕ್ಟು ಬಂತು. ಅಂಥದ್ದಕ್ಕೆ ತಂಡದ ಲೀಡ್ ಆಗಬೇಕೆಂದು ವರ್ಷಗಟ್ಟಲೆ ಕಾದಿದ್ದೆ, ಬಾಸ್ ತಾವಾಗಿಯೇ ಗಮನಿಸಲಿ ಎಂದು. ಅಕ್ಕ ಕ್ಯಾಬಿನ್ ಬಾಗಿಲಲ್ಲಿ ನಿಂತು, "ಸರ್, ಹಜೀರಾ ಮುಝೆ ದೀಜಿಯೆ" ಎಂದು ತಮಗೇ ಕೇಳಿಕೊಂಡರು.

"ಲೇ ಲೋ, ಬೆನ್," ಎಂದರು ಬಾಸ್, ತಗೋ ಅಕ್ಕಾ ಅನ್ನುವ ಹಾಗೆ.

ಅಷ್ಟೇ. ನನ್ನ ಹೊಟ್ಟೆ ಧಗಧಗ ಉರಿಯಿತು.

ಡೆಮೊ ಹತ್ತಿರವಿದ್ದಾಗ ಕಾರ್ಖಾನೆಯವರು ಡೇಟಾಬೇಸನ್ನೇ ಬದಲಿಸಿದರು. ಅಕ್ಕ ಒಂದೇ ಕಡೆ ತಿದ್ದಿ ಚಹಾ ಕುಡಿಯಲು ಹೋದರು. ನಾನು ಆ ಪ್ರಾಜೆಕ್ಟಿನಲ್ಲಿ ನನ್ನ ಪಾಲಿಗೆ ಬಂದಿದ್ದ ಕಂಟ್ರೋಲರುಗಳನ್ನು ಒಂದೊಂದಾಗಿ ತೆರೆದು ಕೂತೆ. ವಾಪಸು ಬಂದವರು ನನ್ನ ಕೀಬೋರ್ಡ್ ಎಳೆದುಕೊಂಡು ಅರ್ಧದಷ್ಟನ್ನು ತಿದ್ದಿಕೊಟ್ಟರು. ಅದಕ್ಕೂ ನನಗೆ ಸಿಟ್ಟೇ ಬಂತು.

ಬ್ಯಾಂಕಿನಲ್ಲಿದ್ದ ಅಕ್ಕನ ಗಂಡನಿಗೆ ವಡೋದರಾಕ್ಕೆ ವರ್ಗವಾಯಿತು. ಅಕ್ಕ ಕೆಲಸ ಬಿಟ್ಟ ದಿನ ನನ್ನನ್ನೇ ನೋಡುತ್ತ ಕೇಳಿದರು, "ನನ್ನ ಮ್ಯಾಲೆ ನಿನಗ ಹೊಟ್ಟಿಕಿಚ್ಚು ಐತಿ, ಹೌದಲ್ಲ?"

"ಹೂಂ," ಎಂದೆ. "ಹಜೀರಾ ನನಗೆ ಸಿಗಬೇಕಿತ್ತು."

"ಬಾಯಿ ಬಿಟ್ಟು ಕೇಳಾಕ ನಿನಗೇನಾಗಿತ್ತು? ನಾ ಬಿಟ್ಟುಕೊಡ್ತಿದ್ದೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಮರುದಿನ ಬಾಸ್ ಹತ್ತಿರ ಹೋಗಿ, ಅವರ ಜಾಗ ನನಗೆ ಕೊಡಿ ಎಂದು ಕೇಳಿದೆ. ಕಂಪ್ಯೂಟರಿನಿಂದ ತಲೆಯನ್ನೂ ಎತ್ತದೆ ಆಗಲಿ ಅಂದರು. ಅಕ್ಕನ ಆ ಋಣ ನನ್ನ ಮೇಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಮೇಜಿಗೆ ಮರಳುವಷ್ಟರಲ್ಲಿ ಹೊಟ್ಟೆಕಿಚ್ಚು ಇಮ್ಮಡಿಯಾಗಿತ್ತು. ಇದು ಇಷ್ಟು ಸುಲಭವೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತಲ್ಲ!