ಏಳು ಎಂದರೆ ಏಳದ ಎತ್ತು

ಪೆರಿಯಕುಳದ ಮಾವಿನಹಣ್ಣು ಸಂಜೆಯೊಳಗೆ ದಿಂಡಿಗಲ್ಲಿನ ರೈಲಿಗೆ ಸೇರದಿದ್ದರೆ ದನದ ಮುಂದೆ ಸುರಿಯಬೇಕಿತ್ತು. ಅಂಥ ಹೊತ್ತಿನಲ್ಲೇ ಸುಂಕದ ಗೇಟಿನ ಮುಂದೆ ನಮ್ಮ ಬಲಗಡೆಯ ಎತ್ತು ಮಲಗಿಬಿಟ್ಟಿತು. ಗಾಡಿ ಹೊಡೆಯುವ ಕೆಂಚಪ್ಪ ಅದರ ಬಾಲ ತಿರುಚಿ, "ಏಳು! ಏಳು!" ಎಂದು ಕೂಗತೊಡಗಿದ.

ಸುಂಕದವನು ಮದುರೆಯ ಕಡೆಯಿಂದ ಹೊಸದಾಗಿ ಬಂದ ತಮಿಳ, ನಮ್ಮ ಮನೆಮಾತಾದ ಕನ್ನಡ ಅರಿಯದವನು. ಹುಬ್ಬು ಗಂಟಿಕ್ಕಿ, "ಮೀದಿ ಆರು ಎಂಗೇ?" ಎಂದ.

"ಯಾವ ಆರು, ಅಯ್ಯಾ?" ಎಂದು ನಾನೂ ತಮಿಳಿನಲ್ಲೇ ಕೇಳಿದೆ.

"ಉಳಿದ ಆರು ಗಾಡಿ ಎಲ್ಲಿ ಅಂದೆ! ನಿನ್ನ ಆಳೇ ಏಳು ಅಂತಾನೆ. ಕಳ್ಳದಾರೀಲಿ ಸಾಗಿಸಿದೆಯಾ?"

"ಇರೋದೇ ಒಂದು ಗಾಡಿ" ಎಂದೆ. ಅಷ್ಟರಲ್ಲಿ ಹಿಂದಿನಿಂದ ಕೆಂಚಪ್ಪ, "ಏಳೋ, ಏಳು!" ಎಂದ. ಸುಂಕದವನು ಗೇಟಿಗೆ ಬೀಗವನ್ನೇ ಜಡಿದ. ತಲೆ ಕೆಟ್ಟದ್ದು ಅವನಿಗೋ ನನಗೋ ತಿಳಿಯದಾಯಿತು. ಬಿಸಿಲಿಗೆ ಹಣ್ಣಿನ ವಾಸನೆ ಬೇರೆ ಏರುತ್ತಿತ್ತು.

ಅವನ ತಮಿಳಿನಲ್ಲಿ ಏಳು ಎಂದರೆ ಬರೀ ಲೆಕ್ಕ, ಎಬ್ಬಿಸುವ ಮಾತಲ್ಲ ಎಂದು ಕೊನೆಗೂ ಹೊಳೆಯಿತು. "ಕೆಂಚಪ್ಪ, ತಮಿಳಲ್ಲಿ ಕೂಗಯ್ಯಾ!" ಎಂದೆ.

"ಎತ್ತಿಗೂ ತಮಿಳಾ, ಸಾವ್ಕಾರ್ರೇ?" ಎಂದು ಗೊಣಗಿ ಅವನು, "ಎಂದಿರಿಡಾ!" ಎಂದ.

ಎತ್ತು ತಟ್ಟನೆ ಎದ್ದು ನಿಂತಿತು. ಸುಂಕದವನು ಹೊಟ್ಟೆ ಹಿಡಿದು ನಗುತ್ತಾ ಬೀಗ ತೆಗೆದ, ರೈಲೂ ಸಿಕ್ಕಿತು. ಆ ಎತ್ತನ್ನು ನಾನು ಕೊಂಡದ್ದು ತಮಿಳರೊಬ್ಬರ ಕೊಟ್ಟಿಗೆಯಿಂದ ಎಂಬುದು ದಾರಿಯಲ್ಲಿ ನೆನಪಾಯಿತು. ಈಗ ಎತ್ತು ಕೊಳ್ಳುವಾಗ ಹಲ್ಲು ಆಮೇಲೆ ನೋಡುತ್ತೇನೆ, ಮನೆಮಾತು ಮೊದಲು ಕೇಳುತ್ತೇನೆ.